ಬಾಯಿಯನ್ನೂ ಮೂಸಿ ನೋಡಿದ ಡಾ. ಎನಿಡ್ ಬಾಟಿಸ್ಟ್

ದಕ್ಷಿಣ ಟ್ರಿನಿಡಾಡಿನ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆಗೆ ಒಂದು ಘನತೆಯನ್ನು ತಂದುಕೊಟ್ಟು, ಮೂರು ದಶಕಗಳ ಸೇವೆಯ ಬಳಿಕ ಈಗ ನಿವೃತ್ತರಾಗುತ್ತಿರುವ ಪೂಜ್ಯ ಡಾ. ಎನಿಡ್ ಬಾಟಿಸ್ಟ್ ಅವರ ಬಗ್ಗೆ ಅವರ ಶಿಷ್ಯೆಯಾಗಿ ಬರೆಯಲು ಕೂತಿದ್ದೇನೆ. ಆದರೆ ನಾನು ಅವರನ್ನು ಮೊದಲು ಕಂಡದ್ದು ಶಿಷ್ಯೆಯಾಗಿ ಅಲ್ಲ, ಮದುವೆ ಮುರಿದುಬೀಳುತ್ತಿದ್ದ ವಧುವಾಗಿ.

ಮದುವೆಯ ಹಿಂದಿನ ದಿನ ವರ ಹರಿಲಾಲ್ ಹೊಟ್ಟೆನೋವಿನಿಂದ ಹೊರಳಾಡುತ್ತ, ವಾಂತಿ ಮಾಡುತ್ತ, ಜೊಲ್ಲು ಸುರಿಸುತ್ತ ಆಸ್ಪತ್ರೆ ಸೇರಿದ. ಮೈಯೆಲ್ಲ ರಮ್ ವಾಸನೆ. ಅಮೈಲೇಸ್ ಎಂಬ ಜೀರ್ಣಕಿಣ್ವ ರಕ್ತದಲ್ಲಿ ವಿಪರೀತ ಏರಿತ್ತು. ಅಂದರೆ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಆ ಅಂಕಿ ಏರಿತೆಂದರೆ ಕುಡಿತವೇ ಎಂದು ತೀರ್ಮಾನಿಸುವುದು ನಮ್ಮೂರಿನ ಚಾಳಿ. ಅಮಲಿಳಿದ ಮೇಲೆ ಮನೆಗೆ ಕಳಿಸುವುದೆಂದು ವೈದ್ಯರೂ ನಿಶ್ಚಯಿಸಿದ್ದರು.

ಪುರೋಹಿತರಾದ ನನ್ನ ತಂದೆ ವಾರ್ಡಿನಲ್ಲೇ ಕೂಗಾಡಿದರು. "ಒಂದು ತೊಟ್ಟೂ ಮುಟ್ಟಲ್ಲ ಅಂತ ಆಣೆ ಇಟ್ಟಿದ್ದ. ರಕ್ತಾನೇ ಬಾಯಿಬಿಡ್ತಲ್ಲ! ಈ ಕುಡುಕನಿಗೆ ನನ್ ಮಗಳ್ನ ಕೊಡೋದಾ?"

ಆ ಅಂಕಿಯನ್ನು ಕಂಡು ಪ್ರಯೋಗಾಲಯದಿಂದ ತಾವಾಗಿಯೇ ಇಳಿದು ಬಂದಿದ್ದ ಬಾಟಿಸ್ಟ್ ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಪಂಡಿತ್‌ಜಿ, ಗ್ರಂಥಿ ಊದಿದೆ ಅಂತಷ್ಟೇ ರಕ್ತ ಹೇಳಿದ್ದು. ರಮ್ ಅಂದಿದ್ದು ನೀವು. ಬಾಯಿ ಮೂಸಿ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಅವರೇ ಬಗ್ಗಿ ಅವನ ಬಾಯಿ ಮೂಸಿದರು, ಆಮೇಲೆ ಬಲಗೈ ಮೂಸಿದರು. "ಬಾಯಲ್ಲಿಲ್ಲ, ಕೈಯಲ್ಲಿದೆ. ಯಾರ್ರೀ ಇವನ ಕೈಗೆ ರಮ್ ಉಜ್ಜಿದ್ದು?"

ಅವನ ಚಿಕ್ಕಮ್ಮ ಮುಂದೆ ಬಂದರು. "ನಾನೇ ಮೇಡಂ. ಮದ್ವೆ ಅಡಿಗೆ ಒಲೆಗೆ ಒಣ ತೆಂಗಿನ ಸಿಪ್ಪೆ ಎತ್ತೋವಾಗ ಏನೋ ಚುಚ್ತು ಅಂದ. ಮುಳ್ಳು ಅಂದ್ಕೊಂಡ್ವಿ. ಕೈಗೆ ರಮ್ ಸುರಿದು ಉಜ್ಜೋವಾಗ ಮೈಮೇಲೆಲ್ಲ ಚೆಲ್ತು. ನಮ್ಮಲ್ಲಿ ಎಲ್ಲಾ ನೋವಿಗೂ ರಮ್ಮೇ ಅಲ್ವಾ?"

"ಅಯ್ಯೋ ತಾಯಿ, ಅದು ಚೇಳು! ಇಲ್ಲಿನ ಚೇಳು ಕುಟುಕಿದ್ರೆ ಈ ಗ್ರಂಥೀನೇ ಊದೋದು. ನಾಡಿ ನೋಡಿ, ಹೃದಯಾನೂ ತಾಳ ತಪ್ಪಿದೆ. ಮನೆಗೆ ಕಳ್ಸಿದ್ರೆ ಸಂಜೆಗೆ ಹೆಣ ಎತ್ತಬೇಕಿತ್ತು."

ವೈದ್ಯರು ಓಡಿಬಂದು ಚೇಳಿನ ವಿಷಕ್ಕೆ ಚಿಕಿತ್ಸೆ ಶುರುಮಾಡಿದರು. ಕುಡುಕನೆಂದು ನಾವೆಲ್ಲ ಉಗಿಯುತ್ತಿದ್ದಾಗ ಸಾಯುತ್ತಿದ್ದವನು ಕಣ್ಣುಬಿಟ್ಟು ನಮ್ಮನ್ನೇ ನೋಡುತ್ತಿದ್ದ.

ಅವನು ಉಳಿದ, ಮದುವೆಯೂ ನಡೆಯಿತು. ಮುಂದೆ ಮೇಡಂ ನನ್ನನ್ನು ತಮ್ಮ ಪ್ರಯೋಗಾಲಯಕ್ಕೆ ಕರೆದು, ಬೈದು, ತಿದ್ದಿ, ಕೆಲಸ ಕಲಿಸಿದರು. ಕಿಣ್ವ ಏರಿದ ಪ್ರತಿಯೊಬ್ಬರ ಬಗ್ಗೆಯೂ ವಾರ್ಡಿಗೆ ಫೋನ್ ಮಾಡಿ "ಏನಾದ್ರೂ ಚುಚ್ಚಿತ್ತಾ ಕೇಳಿ" ಎಂದು ನಾವು ಹೇಳುವ ತನಕ ಊಟಕ್ಕೆ ಬಿಡುತ್ತಿರಲಿಲ್ಲ.

ಅವರು ನೂರ್ಕಾಲ ಬಾಳಲಿ, ಹೊಸ ವೈದ್ಯರನ್ನು ಹೀಗೆಯೇ ಗದರುತ್ತಿರಲಿ. ಅಂದು ಅವರು ಆ ಮೆಟ್ಟಿಲಿಳಿದು ಬರದಿದ್ದರೆ ನಾನು ಬೇರೊಬ್ಬನ ಹೆಂಡತಿಯಾಗಿ, "ದೇವರು ದೊಡ್ಡೋನು, ಒಬ್ಬ ಕುಡುಕನಿಂದ ನನ್ನನ್ನ ಪಾರುಮಾಡಿದ" ಎಂದು ಮಕ್ಕಳಿಗೆ ಹೇಳಿಕೊಳ್ಳುತ್ತ, ಅದನ್ನು ನಂಬಿಕೊಂಡೇ ಮುದುಕಿಯಾಗುತ್ತಿದ್ದೆ.