ಅತ್ತೆಯ ರಾಜ ನೆಗೆದ ಮನೆ

ಸಂಜೆ ಹಾಲಿನ ಕ್ಯಾನಿನ ಸದ್ದಾದರೆ ಈಗಲೂ ನಮ್ಮತ್ತೆ ಚೆಸ್ಸಿಗೆ ಎದುರು ಕೂತಂತಾಗುತ್ತದೆ. ರಾಜನನ್ನು ಹಿಂದಕ್ಕಿಡುತ್ತಾರೆ, ಅಷ್ಟೆ.

ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಹೊಸಹೊಳಲಿಗೆ ಬಂದವಳು ನಾನು. ಪಾಂಡವಪುರದ ಕಾಲೇಜಿನಲ್ಲಿ ಚೆಸ್ಸಿಗೆ ಬಹುಮಾನ ಗೆದ್ದಿದ್ದೆ. ಆ ಜಂಬ ಸೀರೆಗಳ ಜೊತೆಗೇ ಬಂದಿತ್ತು. ಅತ್ತೆ ನಾಗಮಂಗಲದ ತವರಿನಲ್ಲಿ ಅಪ್ಪನಿಂದ ಕಲಿತವರು. ಚೌಕಳಿ ಹೊಲಿದ ಬಟ್ಟೆಯೇ ಅವರ ಮಣೆ. ಡೇರಿಗೆ ಹಾಲು ಹಾಕಿ ಬಂದ ಮೇಲೆ ದಿನಾ ಆಡುತ್ತಿದ್ದೆವು. ಬೇಗ ಬೇಗ ಚೆಕ್ ಕೊಟ್ಟು ನಾನೇ ಗೆಲ್ಲುತ್ತಿದ್ದೆ. ಅವರಿಗೆ ಬೇಸರವಿರಲಿಲ್ಲ. ಆ ಮನೆಯಲ್ಲಿ ಅವರು ತಮಗಾಗಿ ಕೂರುತ್ತಿದ್ದುದು ಆ ಒಂದು ಗಂಟೆ ಮಾತ್ರ.

ಗೌರಿ ಹಬ್ಬಕ್ಕೆ ನಮ್ಮಣ್ಣ ಬಾಗಿನ ತಂದಿದ್ದ. ಅವನ ಮುಂದೆ ಮೆರೆಯಬೇಕೆಂದು ಆಟ ಹೂಡಿದೆ. ಅವತ್ತು ಒಂದೂ ಚೆಕ್ ಕೊಡದೆ, ಅತ್ತೆಯ ರಾಜನ ಸುತ್ತಲಿನ ಮನೆಗಳನ್ನೆಲ್ಲ ಮುಚ್ಚಿ, ಇನ್ನೊಂದು ನಡೆಗೆ ಮುಗಿಯಿತೆಂದು ಬೀಗುತ್ತಿದ್ದೆ. ಅತ್ತೆ ರಾಜನನ್ನೆತ್ತಿ ಕುದುರೆಯ ಹಾಗೆ ನೆಗೆಸಿದರು.

“ರಾಜ ಅಂಗೆಲ್ಲ ನೆಗೆಯಾಕಿಲ್ಲ ಅತ್ತೆ.”

“ನಮ್ಮಪ್ಪ ಇಂಗೇ ಏಳ್ಕೊಟ್ಟಿದ್ದು ಕಣವ್ವ.”

“ಪುಸ್ತಕದಾಗೆ ಇಲ್ವಲ್ಲ.”

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮ ಯಜಮಾನರೂ ನಕ್ಕರು. ಅತ್ತೆ ರಾಜನನ್ನು ಹಳೆಯ ಮನೆಗೇ ಇಟ್ಟರು. ನಾನು ಗೆದ್ದೆ.

ಆಮೇಲೆ ಅವರು ಆಡಲೇ ಇಲ್ಲ. ಕರೆದಾಗಲೆಲ್ಲ “ಬ್ಯಾಡ ಬುಡವ್ವ, ಕೆಲ್ಸ ಅದೆ” ಎನ್ನುತ್ತಿದ್ದರು. ಸಂಜೆ ಆ ಹೊತ್ತಿಗೆ ಕೊಟ್ಟಿಗೆ ಗುಡಿಸುತ್ತಿದ್ದರು. ಮೂರು ವರ್ಷದ ಮೇಲೆ ತೀರಿಕೊಂಡರು.

ತಿಥಿಗೆ ಬಂದ ಅವರ ತಮ್ಮನಿಗೆ ಇದನ್ನು ತಮಾಷೆಯೆಂದೇ ಹೇಳಿದೆ, ನೋಡಿ ನನ್ನ ಬುದ್ಧಿ. ಅವರು ನಗಲಿಲ್ಲ.

“ಚೆಕ್ ಬೀಳೋಗಂಟ ರಾಜ ಒಂದ್ಸಲ ಕುದ್ರೆ ಅಂಗೆ ನೆಗೀಬೌದು. ನಮ್ ಕಡೆ ಹಳೇ ಆಟ ಅಂಗೇಯ. ಅಕ್ಕ ಏಳ್ನಿಲ್ವಾ?”

ಹೇಳಿದ್ದರು.

ನೆಂಟರು ಹೋದ ಮೇಲೆ ಬಟ್ಟೆ ಹಾಸಿದೆ. ಆ ಗೌರಿ ಹಬ್ಬದ ಆಟದ ಒಂದೊಂದು ಕಾಯಿಯೂ ಎಲ್ಲಿತ್ತೆಂದು ನೆನಪಿತ್ತು. ರಾಜನನ್ನು ನೆಗೆಸಿದೆ. ಅದು ಎದ್ದ ಜಾಗದ ಹಿಂದೆ ಅವರ ಆನೆ ನಿಂತಿತ್ತು. ಈಗ ಅದಕ್ಕೆ ನನ್ನ ರಾಜನವರೆಗೂ ನೇರ ದಾರಿ. ನನಗೆ ಓಡಲು ಒಂದು ಮನೆಯೂ, ಅಡ್ಡ ತರಲು ಒಂದು ಕಾಯಿಯೂ ಇರಲಿಲ್ಲ. ಅತ್ತೆ ತಪ್ಪಿಸಿಕೊಂಡಿದ್ದಲ್ಲ, ಗೆದ್ದಿದ್ದರು. ಗೆದ್ದದ್ದು ಗೊತ್ತಿದ್ದೇ ಹಿಂದಕ್ಕಿಟ್ಟಿದ್ದರು.

ಆ ಆಟವನ್ನು ನಾನಿನ್ನೂ ಎತ್ತಿಲ್ಲ. ಧೂಳು ಒರೆಸುವಾಗ ಉಳಿದ ಕಾಯಿಗಳನ್ನೆಲ್ಲ ಸರಿಸಿ ಮತ್ತೆ ಅವುಗಳ ಮನೆಯಲ್ಲೇ ಇಡುತ್ತೇನೆ. ನೆಗೆದ ಮನೆಯಲ್ಲಿ ನಿಂತ ಅವರ ರಾಜನನ್ನು ಮಾತ್ರ ಮುಟ್ಟುವುದಿಲ್ಲ, ಸುತ್ತ ಒರೆಸುತ್ತೇನೆ.