ಗೇಟಿನ ಕಂಬದ ಮೇಲಿನ ತಲೆ

ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಬಡಾವಣೆಯ ಗೇಟಿನ ಕಲ್ಲುಕಂಬದಲ್ಲಿ ಕಡಿದ ತಲೆಯೊಂದಿದೆ. ಕಪ್ಪು ಬಳಿದ ಮುಖ, ಹಣೆಗೆ ತಿರುಚಿ ಕಟ್ಟಿದ ಬಟ್ಟೆ, ಕೊರಳಿನ ಕೆಳಗೆ ಕೆತ್ತಿದ ರಕ್ತದ ಹನಿಗಳು. ಇಂಗ್ಲೆಂಡಿನ ಯಾವುದೋ ಕೌಂಟಿಯ ಹಳೆಯ ಜಮೀನ್ದಾರಿ ಮನೆತನದ ಲಾಂಛನವದು; ಬಿಲ್ಡರ್ ಅದನ್ನು ಹೆಸರಿನ ಸಮೇತ ಎತ್ತಿ ತಂದು ಇಲ್ಲಿ ನಿಲ್ಲಿಸಿದ್ದ. ಪೂರ್ವಜರು ಯುದ್ಧದಲ್ಲಿ ಕಡಿದ ಶತ್ರುವಿನ ತಲೆಯೆಂದು ಇಂಥ ಮನೆತನಗಳು ಬೀಗುತ್ತಿದ್ದುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದೆ. ಅಪ್ಪನಿಗೂ ಹೇಳಿದೆ.

"ತಲೆ ಕೊಟ್ಟೋನಾ? ಹಾಗಾದ್ರೆ ವೀರಗಲ್ಲು ಕಣೇ ಇದು," ಎಂದು ಅವರು ಕಾರು ಸ್ಲೋ ಮಾಡಿ ಕೈಮುಗಿದರು.

"ಅಲ್ಲಪ್ಪ, ನಮ್ಮಲ್ಲಿ ಸತ್ತೋನಿಗೆ ಕಲ್ಲು. ಇಲ್ಲಿ ಕೊಂದೋನಿಗೆ."

"ಇರ್ಲಿ ಬಿಡು. ಪಾಪ, ಅವನಿಗೆ ಯಾರು ಪೂಜೆ ಮಾಡಿರ್ತಾರೆ?"

ಕೋವಿಡ್ ಮಾಸ್ಕ್‌ಗಳು ಕಳಚಿದ ವರ್ಷದ ಆಯುಧಪೂಜೆಯ ಬೆಳಗ್ಗೆ, ಕಾರಿನ ಪೂಜೆ ಮುಗಿಸಿದ ಅಪ್ಪ ಉಳಿದ ಚೆಂಡುಹೂವನ್ನು ಆ ತಲೆಗೆ ಮುಡಿಸಿದರು. ಕುಂಕುಮ ತುಂಬಿದ ಬೂದುಗುಂಬಳವನ್ನು ಕಂಬದ ಬುಡದಲ್ಲಿ ಒಡೆದರು. ಕೆಂಪು ಚಿಮ್ಮಿತು. ವಾಕಿಂಗ್ ಬಂದಿದ್ದ ನೆರೆಯವರಿಬ್ಬರಿಗೆ ಕಂಡದ್ದು ಕೆಂಪು ಕೈಗಳ ಕಂದು ಮನುಷ್ಯ ಮಾತ್ರ. ನಾನು ಕಾರಿನಿಂದ ಇಳಿಯುವಷ್ಟರಲ್ಲಿ ಒಬ್ಬ ಅಪ್ಪನ ಕತ್ತು ಹಿಡಿದು ಹಣೆಯನ್ನು ಕಲ್ಲಿಗೆ ಅಪ್ಪಳಿಸಿದ್ದ. ನೆಲಕ್ಕುರುಳಿದವರ ಬೆನ್ನಮೇಲೆ ಇನ್ನೊಬ್ಬ ಮಂಡಿಯೂರಿದ. "ಪೂಜಾ! ಪ್ರೇಯರ್, ಸರ್!" ಎಂದು ಅಪ್ಪ ಕೂಗುತ್ತಿದ್ದರು, ಬಾಯಿತುಂಬ ಮಣ್ಣು, ಕುಂಬಳದ ತಿರುಳು. ಕುಂಕುಮ ಯಾವುದು, ನೆತ್ತರು ಯಾವುದು ಎಂದು ನನಗೂ ತಿಳಿಯಲಿಲ್ಲ.

ಮರುವಾರ ಬಡಾವಣೆಯ ಸಂಘ ಸಭೆ ಕರೆಯಿತು. ಹೊಡೆದವರಿಬ್ಬರೂ ಮುಂದಿನ ಸಾಲಿನಲ್ಲಿ ಕಾಫಿ ಹಿಡಿದು ಕುಳಿತಿದ್ದರು. ಅಧ್ಯಕ್ಷರು, ನಡೆದದ್ದು ಕೇವಲ ತಪ್ಪು ತಿಳಿವಳಿಕೆ ಎಂದರು.

"ತಪ್ಪು ತಿಳಿವಳಿಕೆಗೆ ಕೈಗಳಿರುವುದಿಲ್ಲ. ಆ ಕೈ ಯಾರದೆಂದು ಈ ಸಭೆ ಹೇಳಬೇಕು," ಎಂದೆ.

ಅಪ್ಪ ನನ್ನ ತೋಳು ಜಗ್ಗಿದರು. "ಸುಮ್ನಿರು ಪುಟ್ಟಿ. ಗ್ರೀನ್ ಕಾರ್ಡ್ ಪ್ರೋಸೆಸ್ ನಡೀತಿದೆ. ಕಂಪ್ಲೇಂಟ್ ಗಿಂಪ್ಲೇಂಟ್ ಎಲ್ಲ ಬೇಡ."

ಅಧ್ಯಕ್ಷರು ಸಮಾಧಾನದ ದನಿಯಲ್ಲಿ ಮುಂದುವರಿಸಿದರು: ಲಾಂಛನಕ್ಕೆ ಇಷ್ಟೊಂದು ಅರ್ಥ ಹಚ್ಚುವುದು ಬೇಡ, ಅದು ಬರೀ ಅಲಂಕಾರ, ಅಲ್ಲಿರುವುದು ಯಾರ ತಲೆಯೂ ಅಲ್ಲ.

ಅಪ್ಪ ಎದ್ದರು. ಅಧ್ಯಕ್ಷರ ಬೆನ್ನಹಿಂದಿನ ಗೋಡೆಯಲ್ಲೂ ಅದೇ ಲಾಂಛನವಿತ್ತು. ನೇರವಾಗಿ ಹೋಗಿ, ಬ್ಯಾಂಡೇಜು ಸುತ್ತಿದ ತಮ್ಮ ತಲೆಯನ್ನು ಅದರ ಪಕ್ಕಕ್ಕೆ ಹಿಡಿದು ನಿಂತರು. ಎರಡೂ ಹಣೆಗೆ ಬಟ್ಟೆ. ಸಭೆಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು.

"ಟ್ರಾನ್ಸ್‌ಲೇಟ್ ಮಾಡು ಪುಟ್ಟಿ. ಇಂಗ್ಲಿಷಲ್ಲಾದ್ರೆ ಬಾಯಿಗೆ ಸರ್ ಅಂತ ಬಂದ್ಬಿಡುತ್ತೆ. ಯಾರ ತಲೆನೂ ಅಲ್ಲ ಅಂತಾರಲ್ಲ, ಇವನಿಗೂ ಒಬ್ಳು ಮಗಳಿದ್ಲೇನೋ ಕೇಳು."

ಅಕ್ಷರ ಬಿಡದೆ ಅನುವಾದಿಸಿದೆ. ಆ ಕೈ ಯಾರದೆಂದು ಮತ್ತೆ ಕೇಳಿದೆ. ಈ ಸಲ ಅಪ್ಪ ನನ್ನನ್ನು ತಡೆಯಲಿಲ್ಲ. ಗೋಡೆಯ ಪಕ್ಕದಿಂದಲೇ ಕೈಯೆತ್ತಿ, ಮುಂದಿನ ಸಾಲಿನಲ್ಲಿದ್ದ ಇಬ್ಬರತ್ತ ಬೆರಳು ತೋರಿಸಿದರು.