ದನಿ ಹೋದದ್ದು ಗಾಜಿಗಿಂತ ಮೊದಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಉಪ್ಪಳದ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ರಿಪೇರಿ ಅಂಗಡಿಗೆ ಮುದುಕರು ಭಜನೆ ಕೇಳುವ ಕಿಸೆ ಪ್ಲೇಯರ್ ತಂದರೆ ಸಮಾಧಾನದಿಂದ ಬಿಚ್ಚುತ್ತೇನೆ. ಮಕ್ಕಳ ಟ್ಯಾಬ್ ಕಂಡರೆ ಮಾತ್ರ ಮೈಯುರಿಯುತ್ತದೆ. ಉಣ್ಣಿಸಲು ಕಾರ್ಟೂನು, ಮಲಗಿಸಲು ಕಾರ್ಟೂನು, ಕೊನೆಗೆ ಮಗು ಎತ್ತಿ ಬಿಸಾಡಿದ ಮೇಲೆ ನನ್ನ ಅಂಗಡಿ.

ಪೈವಳಿಕೆ ಕಡೆಯ ಒಬ್ಬ ತಾಯಿ ಒಡೆದ ಟ್ಯಾಬ್ ಹಿಡಿದುಕೊಂಡು ಬಂದ ದಿನವೂ ಅದೇ ಭಾಷಣ ಶುರು ಮಾಡಿದ್ದೆ. ಪಕ್ಕದಲ್ಲಿ ಹತ್ತು ಹನ್ನೊಂದರ ಮಗಳು ಶಾಲಿನ ತುದಿ ಕಚ್ಚಿಕೊಂಡು ನಿಂತಿದ್ದಳು. ತಾಯಿ ನನ್ನ ಮಾತು ಮುಗಿಯುವವರೆಗೆ ಕಾದರು.

"ಆಟದ್ದಲ್ಲ ಅಣ್ಣ. ಇವಳಿಗೆ ಮಾತು ಬರುವುದಿಲ್ಲ. ಇವಳ ಬಾಯಿ ಇದರ ಒಳಗೆ ಉಂಟು."

ನಾನು ಟ್ಯಾಬ್ ಕೈಗೆ ತೆಗೆದುಕೊಂಡೆ. ಅವರೇ ವಿವರಿಸಿದರು. ಚಿತ್ರ ಒತ್ತಿದರೆ ಟ್ಯಾಬ್ ಮಾತಾಡುತ್ತದೆ; ಲೋಟ ಒತ್ತಿದರೆ ನೀರು, ಬಟ್ಟಲು ಒತ್ತಿದರೆ ಅನ್ನ. ಅದರಲ್ಲಿದ್ದ ಯಂತ್ರದ ದನಿಗೆ ತುಳು ಬಾರದು, ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಿಲ್ಲ. ಹಾಗಾಗಿ ತಾಯಿಯೇ ಒಂದೊಂದು ಚಿತ್ರಕ್ಕೂ ತನ್ನ ದನಿ ತುಂಬಿದ್ದರು. ವರ್ಷಗಟ್ಟಲೆಯ ಕೆಲಸ. ಬೇರೆ ಅಂಗಡಿಯವರು ಎಲ್ಲ ಅಳಿಸಿ ಹೊಸದಾಗಿ ಮಾಡಿಕೊಡುತ್ತೇವೆ ಎಂದದ್ದಕ್ಕೆ ಹೆದರಿ ನನ್ನಲ್ಲಿಗೆ ಬಂದಿದ್ದರು. ಅಳಿಸದೆ ಆಗ್ತದಾ ಎಂಬುದೊಂದೇ ಅವರ ಪ್ರಶ್ನೆ. ನೋಡುವ ಎಂದೆ.

ಗಾಜು ಬದಲಿಸುತ್ತಿರುವಾಗ ಉಳಿದದ್ದು ತಿಳಿಯಿತು. ಒಂದು ದಿನ ಮಗಳು ಇದ್ದಕ್ಕಿದ್ದಂತೆ ಟ್ಯಾಬನ್ನು ಸಿಮೆಂಟಿನ ನೆಲಕ್ಕೆ ಹೊಡೆದಳಂತೆ. ಹಟ ಜಾಸ್ತಿಯಾಗಿದೆ, ಬುದ್ಧಿ ಬರಲಿ ಎಂದು ಮನೆಯವರು ಅದನ್ನು ಸ್ವಲ್ಪ ದಿನ ಕಪಾಟಿನ ಮೇಲಿಟ್ಟರು. ಬುದ್ಧಿ ಬರುವ ಬದಲು ಅವಳು ಊಟ ಬಿಟ್ಟಳು, ಗೋಡೆಗೆ ಕೆನ್ನೆ ಬಡಿದುಕೊಳ್ಳತೊಡಗಿದಳು, ಮುಖ ಮುಟ್ಟಲು ಹೋದವರನ್ನು ಕಚ್ಚಿದಳು. ಟ್ಯಾಬ್ ಸಿಕ್ಕಿದರೆ ಸರಿಯಾದಾಳು ಎಂದು ಈಗ ಓಡಿಬಂದದ್ದು. ಶುದ್ಧ ಹಟಮಾರಿ ಎಂದು ನಾನೂ ಮನಸ್ಸಿನಲ್ಲೇ ಅಂದುಕೊಂಡೆ.

ಗಾಜು ಕೂತಿತು. ಚಿತ್ರಗಳೆಲ್ಲ ಇದ್ದವು, ಒಂದೂ ಅಳಿದಿರಲಿಲ್ಲ. ತಾಯಿ ಕಣ್ಣೊರೆಸಿಕೊಂಡರು. ಆದರೆ ಲೋಟ ಒತ್ತಿದರೆ ದನಿಯಿಲ್ಲ. ಬಿಚ್ಚಿ ನೋಡಿದರೆ ಸ್ಪೀಕರಿನ ಜಾಲರಿಯ ತುಂಬ ಕೆಂಪು ಹಿಟ್ಟು, ಒದ್ದೆಯಾಗಿ ಒಣಗಿ ಗಟ್ಟಿಯಾದದ್ದು. ಕುಚ್ಚಲಕ್ಕಿಯ ತೌಡು.

ಇದೆಂತದು ಅಕ್ಕ ಎಂದು ಕೇಳಿದೆ. ಗಾಜು ಒಡೆಯುವುದಕ್ಕೆ ಒಂದು ವಾರ ಮೊದಲು ಟ್ಯಾಬಿನ ಮೇಲೆ ಗಂಜಿತಿಳಿ ಚೆಲ್ಲಿತ್ತಂತೆ. ನೀರು ಎಳೆಯಲಿ ಎಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಮರುದಿನ ಪರದೆ ಬೆಳಗಿತು, ಸರಿಯಾಯಿತು ಎಂದುಕೊಂಡರು. ನಮ್ಮ ಊರಲ್ಲಿ ಎಲ್ಲರೂ ಮಾಡುವ ಮದ್ದೇ ಅದು. ಬೇಡ ಮಾರಾಯ್ರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

"ಹಾಗಾದರೆ ಆ ವಾರ ಇದರಲ್ಲಿ ದನಿ ಇತ್ತಾ?"

ತಾಯಿ ಯೋಚಿಸಿದರು. "ಆ ವಾರ ಮನೆಯಲ್ಲಿ ಗಲಾಟೆಯೇ ಇರಲಿಲ್ಲ ಅಣ್ಣ. ಸುಮ್ಮನೆ ಒತ್ತಿಕೊಂಡು ಕೂತಿರುತ್ತಿದ್ದಳು. ಒಳ್ಳೆ ಸಾಧು ಆಗಿದ್ದಾಳೆ ಅಂತ ನಾವು..."

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ. ಇದ್ದ ಮಾತೂ ಸತ್ತುಹೋದವಳು ಏನು ಮಾಡಬೇಕು? ಎತ್ತಿ ನೆಲಕ್ಕೆ ಹೊಡೆಯಬೇಕು, ಇನ್ನೇನು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅದೇ ಜಾತಿಯ ಹಳೆಯ ಟ್ಯಾಬಿನಿಂದ ಸ್ಪೀಕರ್ ತೆಗೆದು ಹಾಕಿ ಹುಡುಗಿಯ ಕೈಗೆ ಕೊಟ್ಟೆ. ಅವಳು ಲೋಟ ನೋಡಲಿಲ್ಲ, ಬಟ್ಟಲೂ ನೋಡಲಿಲ್ಲ. ಅಳುವ ಮುಖದ ಚಿತ್ರ ಹುಡುಕಿ ಒತ್ತಿದಳು.

"ಅಮ್ಮಾ, ಬೇನೆ ಆಪುಂಡು."

ನೋವಾಗುತ್ತಿದೆ ಎಂದು ಹೇಳಿದ್ದು ತಾಯಿಯದೇ ದನಿ. ರೆಕಾರ್ಡ್ ಮಾಡುವಾಗ ಮಗಳಿಗೆ ಕಲಿಸುವ ಉಮೇದಿನಲ್ಲಿ ನಗುನಗುತ್ತ ಹೇಳಿದ್ದಿರಬೇಕು, ರಾಗವಾಗಿ ಹೊರಬಂತು. ಮತ್ತೆ ಒತ್ತಿದಳು. ಮತ್ತೆ. ಆಮೇಲೆ ಹಲ್ಲಿನ ಚಿತ್ರ. ತಾಯಿ ಅವಳ ಗಲ್ಲ ಹಿಡಿದರು. ಈ ಸಲ ಕಚ್ಚಲಿಲ್ಲ, ತಾನಾಗಿ ಬಾಯಿ ತೆರೆದಳು. ಹಿಂದಿನ ದವಡೆಹಲ್ಲು ಕಪ್ಪಗೆ ಕುಳಿಬಿದ್ದು, ವಸಡು ಕೀವು ತುಂಬಿ ಊದಿತ್ತು. ತಾಯಿ ಮಗಳನ್ನು ಎಳೆದುಕೊಂಡು ಹಲ್ಲಿನ ಡಾಕ್ಟರರಲ್ಲಿಗೆ ಓಡಿದರು.

ಹಲ್ಲು ಕೀಳಿಸಿದ ಎಷ್ಟೋ ದಿನಗಳ ಮೇಲೆ ಇಬ್ಬರೂ ಚಾರ್ಜರಿಗೆಂದು ಬಂದರು. ತಾಯಿ ಹೊಸ ಚಿತ್ರವೊಂದನ್ನು ಸೇರಿಸಿದ್ದರು, ಒಂದು ಕಿವಿ. ಮಗಳು ಅದನ್ನು ಒತ್ತಿದಳು.

"ಅಮ್ಮಾ, ಕೇಣುಂಡಾ?"

ಕೇಳಿಸುತ್ತದಾ ಎಂದು. ಈ ಸಲದ ದನಿಯಲ್ಲಿ ನಗು ಇರಲಿಲ್ಲ. ಕೇಣುಂಡು ಮಗಾ ಎಂದರು ತಾಯಿ. ಅವಳು ಮತ್ತೆ ಒತ್ತಿದಳು, ಅವರು ಮತ್ತೆ ಹೇಳಿದರು. ನಾನು ಚಾರ್ಜರ್ ಹುಡುಕಿ ಕೊಡುವವರೆಗೂ ಅದೇ ನಡೆಯಿತು.

"ಹಗಲಿಡೀ ಇದೇ ಅಣ್ಣ," ಎಂದರು ಅವರು. "ಕೇಳ್ತದೆ ಅಂತ ಎಷ್ಟು ಸಲ ಹೇಳಿದರೂ ಅವಳಿಗೆ ನಂಬಿಕೆ ಬರುವುದಿಲ್ಲ."